‘ಛೂ’ ಬೇಡ, ‘ಬಾ’ ಸಾಕು: ಕಾವಲಿನ ಹಾದಿಯಲ್ಲಿ ನಾಯಿ ಮತ್ತು ಹಾವು

(ಬಿದರೆಹಳ್ಳಿ ಕಾವಲ್ ಸುತ್ತಿನ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಪಠ್ಯ)



ಕನ್ನಡ ನುಡಿಯಲ್ಲಿ ನಾಯಿಗೆಂದೇ ಮೀಸಲಾದ ಒಂದು ಶಬ್ದವಿದೆ. ಅದು ‘ಛೂ’. ಯಾವ ಪಾಠಶಾಲೆಯೂ ಇದನ್ನು ಕಲಿಸುವುದಿಲ್ಲ. ಆದರೂ ಮಾತು ಬಲ್ಲ ಮಗುವಿನಿಂದ ಮುಪ್ಪಿನ ಅಜ್ಜನವರೆಗೆ ಎಲ್ಲರಿಗೂ ಇದು ಗೊತ್ತು. ನಾಯಿಗಂತೂ ಚೆನ್ನಾಗಿಯೇ ಗೊತ್ತು. ಬೇಲಿಯ ಬುಡದಲ್ಲಿ ಏನೋ ಸರಿದಾಡಿತೆಂದರೆ ಮನೆಯವರ ಬಾಯಿಂದ ಮೊದಲು ಹೊರಡುವುದು ಈ ಶಬ್ದವೇ. ನಾಯಿ ಮುನ್ನುಗ್ಗುತ್ತದೆ. ಅಲ್ಲಿರುವುದು ಓತಿಕ್ಯಾತವಾದರೆ ಆಟ ಮುಗಿಯಿತು. ಕೊಳಕುಮಂಡಲವಾದರೆ ನಾಯಿಯ ಬದುಕೇ ಮುಗಿಯಬಹುದು. ಇಂದಿನ ಮಾತು ಈ ಒಂದು ಶಬ್ದದ ಬಗೆಗೆ, ಮತ್ತು ಇದರ ಬದಲಿಗೆ ಕಲಿಸಬೇಕಾದ ಇನ್ನೆರಡು ಶಬ್ದಗಳ ಬಗೆಗೆ.

ಕಾದು ಸತ್ತ ನಾಯಿಯನ್ನು ಗೌರವಿಸುವುದು ಈ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನವು ‘ಕಾಳಿ’ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬೇಡಿ ಪಡೆದದ್ದು ಹೊನ್ನನ್ನಲ್ಲ, ಈ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡು ಇದು ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ಅದೇ ಹೆಮ್ಮೆ ಇಂದು ಹಾವಿನ ಮುಂದೆ ನಾಯಿಯನ್ನು ನಿಲ್ಲಿಸುತ್ತಿದೆ. ಹಾವು ಕೊಂದ ನಾಯಿಯನ್ನು ಊರೆಲ್ಲ ಹೊಗಳುತ್ತದೆ. ಹಾವು ಕಂಡು ಹಿಂದಿರುಗಿದ ನಾಯಿಯನ್ನು ಹೇಡಿ ಎನ್ನುತ್ತದೆ. ಬದಲಾಗಬೇಕಾದುದು ಈ ಎಣಿಕೆ. ಹಿಂದಿರುಗುವ ನಾಯಿಯೇ ಜಾಣ ನಾಯಿ.

ಕಾವಲು ಎಂಬ ನೆಲೆ

ಕಾವಲು ಎಂದರೆ ದನಕರುಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲು. ಮೈಸೂರು ಸೀಮೆಯಲ್ಲಿ ಅರಸರ ಕಾಲದಿಂದ ಈ ಪದ್ಧತಿ ನಡೆದುಬಂದಿದೆ. ಹೊರಗಿನವರ ಕಣ್ಣಿಗೆ ಕಾವಲು ಬರಿಯ ಬಯಲು. ಆದರೆ ಹುಲ್ಲಿದ್ದಲ್ಲಿ ಬೀಜವಿದೆ, ಬೀಜವಿದ್ದಲ್ಲಿ ಇಲಿಯಿದೆ, ಇಲಿಯಿದ್ದಲ್ಲಿ ಹಾವಿದೆ, ಹಾವನ್ನು ಹಿಡಿಯುವ ಹದ್ದು, ಮುಂಗುಸಿಗಳಿವೆ. ಈ ಸರಪಳಿಯಲ್ಲಿ ನಾಯಿಗೆ ಸ್ವಂತ ಸ್ಥಾನವಿಲ್ಲ. ಅದು ಮನುಷ್ಯನ ಜೊತೆ ಬಂದ ಅತಿಥಿ.

ಬಿದರೆಹಳ್ಳಿ ಕಾವಲಿನ ಚಿತ್ರ ಈಚಿನ ವರ್ಷಗಳಲ್ಲಿ ಬದಲಾಗಿದೆ. ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಇಲ್ಲಿ ಶಂಕುಸ್ಥಾಪನೆಯಾಯಿತು; 2023ರ ಫೆಬ್ರವರಿ 6ರಂದು ಅದು ಉದ್ಘಾಟನೆಗೊಂಡಿತು. 615 ಎಕರೆ ನೆಲ ಅದಕ್ಕೆ ಸಂದಿದೆ. ಹುಲ್ಲಿನ ಬಯಲು ಕಿರಿದಾದಂತೆ ಕುರಿ, ದನ, ನಾಯಿ, ಇಲಿ, ಹಾವು ಇವೆಲ್ಲವೂ ಉಳಿದ ನೆಲದಲ್ಲೇ ಪರಸ್ಪರ ಎದುರಾಗಬೇಕಾಗುತ್ತದೆ. ಇನ್ನೊಂದೆಡೆ, ರಜೆಯ ದಿನ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟಗಳನ್ನು ಹತ್ತುವವರಲ್ಲಿ ನಾಯಿಯನ್ನು ಜೊತೆಗೆ ಕರೆತರುವವರೂ ಇದ್ದಾರೆ. ಕುರಿಗಾಹಿಯ ನಾಯಿಗೆ ಹುಲ್ಲಿನ ಪರಿಚಯವಾದರೂ ಇರುತ್ತದೆ. ಪಟ್ಟಣದ ಮನೆಯೊಳಗೆ ಬೆಳೆದ ನಾಯಿಗೆ ಹಾವೆಂದರೆ ಚಲಿಸುವ ಆಟಿಕೆ.

ನಾಯಿಗೇಕೆ ಮೂತಿಯ ಮೇಲೆ ಕಡಿತ?

ಮನುಷ್ಯನಿಗೆ ಹಾವು ಕಚ್ಚುವುದು ಬಹುಪಾಲು ಕಾಲಿಗೆ, ಇಲ್ಲವೆ ಕೈಗೆ. ನಾಯಿಗೆ ಬಹುಪಾಲು ಮೂತಿಗೆ, ಮುಖಕ್ಕೆ, ಮುಂಗಾಲಿಗೆ. ಕಾರಣ ಸರಳವಾದುದು. ಮನುಷ್ಯ ಹಾವನ್ನು ಕಾಣದೆ ತುಳಿಯುತ್ತಾನೆ. ನಾಯಿ ಹಾವನ್ನು ಕಂಡೇ, ಮೂಸಲು ಹೋಗುತ್ತದೆ. ನಾಯಿ ಜಗತ್ತನ್ನು ಅರಿಯುವುದು ಮೂಗಿನಿಂದ. ಹೊಸತೇನೋ ಕಂಡರೆ ಮೂಗನ್ನು ಅದರ ಹತ್ತಿರಕ್ಕೆ ಒಯ್ಯಲೇಬೇಕು. ಬುಸುಗುಟ್ಟುವ ಸದ್ದು ಮನುಷ್ಯನನ್ನು ಹಿಮ್ಮೆಟ್ಟಿಸುತ್ತದೆ, ಅನೇಕ ನಾಯಿಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಅಂದರೆ ನಾಯಿಯ ಹುಟ್ಟುಗುಣವೇ ಇಲ್ಲಿ ಅದರ ವೈರಿ.

ಈ ಸೀಮೆಯಲ್ಲಿ ಜಾಗ್ರತೆ ವಹಿಸಬೇಕಾದ ಹಾವುಗಳು ಮುಖ್ಯವಾಗಿ ನಾಲ್ಕು. ದಪ್ಪ ಮೈಯ, ಕಂದು ಬಣ್ಣದ ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆಗಳುಳ್ಳ ಕೊಳಕುಮಂಡಲವು ಒಣ ಹುಲ್ಲು, ತರಗೆಲೆಗಳಲ್ಲಿ ಕಲೆತುಹೋಗಿರುತ್ತದೆ; ಕುಕ್ಕರ್ ಸೀಟಿಯಂತೆ ಜೋರಾಗಿ ಬುಸುಗುಟ್ಟುತ್ತದೆ. ಗರಗಸ ಮಂಡಲವು ಗೇಣಿನಿಂದ ಮೊಳದಷ್ಟು ಉದ್ದದ ಸಣ್ಣ ಹಾವು. ಕಲ್ಲುನೆಲ ಅದಕ್ಕೆ ಇಷ್ಟ. ಕೆರಳಿದಾಗ ಮೈಯ ಪೊರೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂತೆ ಸದ್ದು ಮಾಡುತ್ತದೆ. ಹೆಡೆ ಬಿಚ್ಚುವ ನಾಗರಹಾವಿನ ಪರಿಚಯ ಎಲ್ಲರಿಗೂ ಉಂಟು. ಮಿರುಗುವ ಕಪ್ಪು ಮೈಯ ಮೇಲೆ ತೆಳುವಾದ ಬಿಳಿ ಪಟ್ಟೆಗಳುಳ್ಳ ಕಟ್ಟುಹಾವು ರಾತ್ರಿ ಸಂಚಾರಿ. ಅದರ ಕಡಿತದಲ್ಲಿ ನೋವು, ಬಾವು ಎರಡೂ ಕಡಿಮೆ, ಅಪಾಯ ಮಾತ್ರ ಹೆಚ್ಚು. ಇವುಗಳ ಹೊರತಾಗಿ ಹೊಲದಲ್ಲಿ ಕಾಣುವ ಕೇರೆಹಾವು, ಮಣ್ಣುಮುಕ್ಕ ಮೊದಲಾದವು ವಿಷರಹಿತ. ಆದರೆ ನಾಯಿಗೆ ಈ ವಿಂಗಡಣೆ ಕಲಿಸಲಾಗದು, ಕಲಿಸಲೂಬಾರದು. ಅದಕ್ಕೆ ಎಲ್ಲ ಹಾವೂ ಒಂದೇ ಆಗಿರಬೇಕು. ಕೇರೆಹಾವನ್ನು ಕೊಂದು ಶಭಾಷ್ ಎನ್ನಿಸಿಕೊಂಡ ನಾಯಿ ನಾಳೆ ಕೊಳಕುಮಂಡಲಕ್ಕೂ ಅದೇ ಧೈರ್ಯದಿಂದ ಬಾಯಿ ಹಾಕುತ್ತದೆ.

ಪರದೇಶದ ಪದ್ಧತಿ, ನಮ್ಮ ಕಾಯಿದೆ

ಅಮೆರಿಕದಲ್ಲಿ ಗಿಲಕಿ ಹಾವುಗಳಿರುವ ಪ್ರಾಂತಗಳಲ್ಲಿ ನಾಯಿಗಳಿಗೆ ಹಾವಿನಿಂದ ದೂರವಿರುವ ತರಬೇತಿ ಬಹುಕಾಲದಿಂದ ನಡೆದಿದೆ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲೂ ಇದೆ. ಅಲ್ಲಿನ ಹಳೆಯ ಪದ್ಧತಿಯೇನೆಂದರೆ, ಜೀವಂತ ಹಾವನ್ನು ಅಪಾಯವಾಗದಂತೆ ಇರಿಸಿ, ನಾಯಿ ಅದರ ಹತ್ತಿರ ಹೋದ ಕ್ಷಣ ಕೊರಳಿನ ಬೆಲ್ಟಿನ ಮೂಲಕ ವಿದ್ಯುತ್ತಿನ ಆಘಾತ ಕೊಡುವುದು. ನಾಯಿ ಹಾವಿಗೂ ನೋವಿಗೂ ಗಂಟು ಹಾಕಿಕೊಳ್ಳುತ್ತದೆ ಎಂಬುದು ಅದರ ತರ್ಕ. ತರ್ಕ ಸುಳ್ಳಲ್ಲ, ಆದರೆ ಗಂಟು ಎಲ್ಲಿಗೆ ಬೀಳುವುದೆಂದು ಹೇಳಲಾಗದು. ಆಘಾತ ತಗುಲಿದ ಕ್ಷಣದಲ್ಲಿ ನಾಯಿಯ ಕಣ್ಣು ಯಜಮಾನನ ಮೇಲಿದ್ದರೆ ಅದು ಯಜಮಾನನಿಗೇ ಹೆದರಬಹುದು. ಪಕ್ಕದಲ್ಲಿ ಮಗುವಿದ್ದರೆ ಮಗುವಿನ ಮೇಲೆ ಮುನಿಯಬಹುದು. ಆದಕಾರಣ ಅಲ್ಲಿಯೂ ಈಗ ಬಹುಮಾನದಿಂದ ಕಲಿಸುವ ತರಬೇತುದಾರರು ಇದ್ದಾರೆ.

ನಮ್ಮಲ್ಲಿ ಆ ಹಳೆಯ ದಾರಿ ಕಾಯಿದೆಯ ದೃಷ್ಟಿಯಿಂದಲೂ ಮುಚ್ಚಿದೆ. ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ತರಬೇತಿಗೆಂದು ನಾಗರಹಾವನ್ನೋ ಕೊಳಕುಮಂಡಲವನ್ನೋ ಹಿಡಿಯುವುದು, ಇಟ್ಟುಕೊಳ್ಳುವುದು, ಹಾವಾಡಿಗರಿಂದ ತರಿಸುವುದು ಅಪರಾಧ. ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಕಾದಾಟಕ್ಕೆ ಬಿಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ನಿಷೇಧಿಸುತ್ತದೆ. ‘ಛೂ’ ಎಂಬುದು ಆ ಕಾಯಿದೆಯ ನೆರಳಿಗೂ ಬರುವ ಶಬ್ದ ಎಂಬುದನ್ನು ನೆನಪಿಡಬೇಕು.

ಆದುದರಿಂದ ಹಾವಿಲ್ಲದೆ, ಆಘಾತವಿಲ್ಲದೆ, ಮನೆಯಲ್ಲಿರುವ ವಸ್ತುಗಳಿಂದಲೇ ಕಲಿಸಬೇಕಾಗಿದೆ. ಬೇಕಾದುದು ಒಂದು ಹಳೆಯ ಹಗ್ಗ, ಬೇಯಿಸಿದ ಮೊಟ್ಟೆಯ ಚೂರುಗಳು, ದಿನಕ್ಕೆ ಹತ್ತು ನಿಮಿಷ, ಮತ್ತು ಸಿಟ್ಟಾಗದ ಮನಸ್ಸು.

ಎರಡು ಶಬ್ದಗಳ ಪಾಠ

ಮೊದಲ ಶಬ್ದ ‘ಬಾ’. ಮನೆಯಂಗಳದಲ್ಲಿ ನಾಯಿಯ ಹೆಸರು ಹಿಡಿದು ‘ಬಾ’ ಎನ್ನಬೇಕು. ಬಂದ ಕೂಡಲೇ ಮೊಟ್ಟೆಯ ಚೂರು ಕೊಡಬೇಕು. ಎಷ್ಟು ತಡವಾಗಿ ಬಂದರೂ ಗದರಬಾರದು. ತಡವಾಗಿ ಬಂದುದಕ್ಕೆ ಪೆಟ್ಟು ತಿಂದ ನಾಯಿ ಕಲಿಯುವುದು ‘ಬಂದರೆ ಪೆಟ್ಟು’ ಎಂಬುದನ್ನು. ‘ಬಾ’ ಎಂಬ ಶಬ್ದವನ್ನು ಸ್ನಾನಕ್ಕೆ, ಕಟ್ಟಿಹಾಕಲಿಕ್ಕೆ, ಔಷಧಿ ಕುಡಿಸಲಿಕ್ಕೆ ಬಳಸದಿರುವುದು ಲೇಸು. ಆ ಶಬ್ದದ ಬೆಲೆ ಎಂದೂ ಕೆಡಬಾರದು.

ಎರಡನೆಯ ಶಬ್ದ ‘ಬಿಡು’. ಮುಷ್ಟಿಯಲ್ಲಿ ತಿನಿಸನ್ನು ಮುಚ್ಚಿಟ್ಟು ನಾಯಿಯ ಮುಂದೆ ಹಿಡಿಯಬೇಕು. ಅದು ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಮುಷ್ಟಿ ತೆರೆಯಬಾರದು. ಬೇಸತ್ತು ಮೂತಿಯನ್ನು ಹಿಂದಕ್ಕೆ ಎಳೆದುಕೊಂಡ ಕ್ಷಣ ‘ಬಿಡು’ ಎಂದು ಹೇಳಿ, ಇನ್ನೊಂದು ಕೈಯಿಂದ ಬೇರೆ ಚೂರು ಕೊಡಬೇಕು. ಕೆಲವೇ ದಿನಗಳಲ್ಲಿ ನಾಯಿಗೆ ಅರ್ಥವಾಗುತ್ತದೆ: ಬಿಟ್ಟರೆ ಸಿಗುತ್ತದೆ. ಆ ಬಳಿಕ ತಿನಿಸನ್ನು ನೆಲದ ಮೇಲಿಟ್ಟು, ಅನಂತರ ದಾರಿಯಲ್ಲಿ ಬಿದ್ದ ಎಲುಬಿನ ಎದುರಿನಲ್ಲಿ ಇದೇ ಪಾಠ.

ಈ ಎರಡೂ ಗಟ್ಟಿಯಾದ ಮೇಲೆ ಹಗ್ಗದ ಸರದಿ. ಮೂರು ನಾಲ್ಕು ಅಡಿ ಉದ್ದದ ದಪ್ಪ ಹಗ್ಗವನ್ನೋ ತೋಟದ ಹಳೆಯ ಪೈಪಿನ ತುಂಡನ್ನೋ ಅಂಗಳದಲ್ಲಿ ಸುರುಳಿಯಾಗಿ ಇಡಬೇಕು. ನಾಯಿಯನ್ನು ಬಾರಿನಲ್ಲಿ ಹಿಡಿದು ನಡೆಸಿಕೊಂಡು ಹೋಗಬೇಕು. ಹಗ್ಗದ ಮೇಲೆ ಅದರ ದೃಷ್ಟಿ ಬಿದ್ದೊಡನೆ, ಮೂತಿ ಚಾಚುವ ಮುನ್ನವೇ ‘ಬಿಡು, ಬಾ’ ಎನ್ನಬೇಕು. ಹೇಳಿದವರೂ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ನಾಯಿ ತಿರುಗಿ ಬಂದರೆ ಆ ದಿನದ ಅತ್ಯುತ್ತಮ ಬಹುಮಾನ ಆಗ ಸಲ್ಲಬೇಕು. ಹಗ್ಗವನ್ನು ಕ್ರಮವಾಗಿ ಹುಲ್ಲಿನಲ್ಲಿ, ಕಲ್ಲಿನ ಸಂದಿನಲ್ಲಿ, ತೆಂಗಿನ ಗರಿಯ ಕೆಳಗೆ ಅರ್ಧ ಮರೆಯಾಗಿ ಇಡಬೇಕು. ಅನಂತರ ದಾರ ಕಟ್ಟಿ ದೂರದಿಂದ ಎಳೆದು ಅದಕ್ಕೆ ಚಲನೆ ಕೊಡಬೇಕು. ಓಡುವುದನ್ನು ಕಂಡರೆ ಅಟ್ಟಿಹೋಗುವ ಮುಧೋಳದಂತಹ ಬೇಟೆತಳಿಗೆ ಈ ಚಲಿಸುವ ಹಗ್ಗದ ಪಾಠ ಉಳಿದವಕ್ಕಿಂತ ಹೆಚ್ಚು ಬೇಕು. ಕೊನೆಯಲ್ಲಿ ಸದ್ದು: ಸೈಕಲ್ ಪಂಪಿನ ಗಾಳಿಯನ್ನು ಬುಸ್ಸೆನ್ನಿಸಿ, ಒಡನೆಯೇ ‘ಬಾ’ ಎಂದು ಕರೆದು ಬಹುಮಾನ ಕೊಡಬೇಕು.

ಹೀಗೆ ಬಿಡದೆ ನಡೆಸಿದರೆ ಒಂದು ದಿನ ಸೊಗಸಾದ ಸಂಗತಿ ಜರುಗುತ್ತದೆ. ಯಾರೂ ಏನೂ ಹೇಳದಿದ್ದರೂ ನಾಯಿ ಹಗ್ಗವನ್ನು ಕಂಡು, ತಾನಾಗಿಯೇ ತಿರುಗಿ ಯಜಮಾನನ ಮುಖ ನೋಡುತ್ತದೆ. ತರಬೇತಿಯ ಗುರಿ ಅದೇ. ನಾಯಿ ಹೆದರಿ ಓಡಬೇಕಾಗಿಲ್ಲ. ಕಂಡುದನ್ನು ಬಂದು ತಿಳಿಸಬೇಕು, ಅಷ್ಟೆ. ಎರಡು ಮೂರು ತಿಂಗಳ ಮರಿಯಿಂದಲೇ ಆರಂಭಿಸುವುದು ಉತ್ತಮ. ದೊಡ್ಡ ನಾಯಿಯೂ ಕಲಿಯುತ್ತದೆ, ಕಾಲ ಹೆಚ್ಚು ಹಿಡಿಯುತ್ತದೆ. ಕಲಿತುದು ಮರೆಯದಂತೆ ತಿಂಗಳಿಗೊಮ್ಮೆ, ವಿಶೇಷವಾಗಿ ಮುಂಗಾರಿಗೆ ಮೊದಲು, ಪಾಠವನ್ನು ಮತ್ತೆ ಒಪ್ಪಿಸಬೇಕು.

ಈ ಪಾಠದ ಮಿತಿಯನ್ನೂ ಹೇಳುವುದು ಧರ್ಮ. ಹಗ್ಗಕ್ಕೆ ಹಾವಿನ ವಾಸನೆ ಇಲ್ಲ. ಹುಲ್ಲಿನೊಳಗೆ ಅಡಗಿ ಕುಳಿತ ಹಾವನ್ನು ನಾಯಿ ಕಾಣದೆಯೂ ತುಳಿಯಬಹುದು. ತರಬೇತಿಯಿಂದ ಅಪಾಯ ತಗ್ಗುತ್ತದೆ, ಅಳಿಯುವುದಿಲ್ಲ. ಆದ್ದರಿಂದ ಹಾದಿಯಲ್ಲಿ ಬಾರೇ ಮೊದಲ ರಕ್ಷೆ. ಆರು ಅಡಿಗಿಂತ ಉದ್ದದ ಬಾರು ಬೇಡ. ದಾರಿಯ ನಡುವೆ ನಡೆಯಬೇಕು. ಬಂಡೆಯ ಸಂದು, ಹುತ್ತ, ಬಿಲ, ಪೊದೆಗಳಲ್ಲಿ ಮೂಸಲು ಬಿಡಬಾರದು. ಮುಸ್ಸಂಜೆಯ ನಂತರ ಹೋಗಬಾರದು. ಅಭಯಾರಣ್ಯದೊಳಕ್ಕೆ ನಾಯಿಯನ್ನು ಒಯ್ಯುವ ಯೋಚನೆಯನ್ನೇ ಬಿಡಬೇಕು. ಬಾರು ಹಾವಿನಿಂದ ನಾಯಿಯನ್ನು ಕಾಯುವಂತೆ, ನಾಯಿಯಿಂದ ಮೊಲ, ನರಿ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳನ್ನೂ ಕಾಯುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದು ಸಂರಕ್ಷಿಸಿದ ಹುಲ್ಲುಗಾವಲಿರುವ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಚ್ಚಿಯೇ ಬಿಟ್ಟರೆ

ಮೊದಲು ಮನುಷ್ಯರು ದೂರ ಸರಿಯಬೇಕು. ನಾಯಿಯನ್ನು ಬಿಡಿಸಲು ಕೈ ಹಾಕಿ, ಹಾವನ್ನು ಕೊಲ್ಲಲು ಹೋಗಿ ತಾವೇ ಕಚ್ಚಿಸಿಕೊಳ್ಳುವುದುಂಟು. ಬಾರು ಹಿಡಿದು ನಾಯಿಯನ್ನು ಹಿಂದಕ್ಕೆ ಎಳೆಯಬೇಕು. ಹಾವಿಗೆ ಹೋಗಲು ದಾರಿ ಬಿಡಬೇಕು. ಮನುಷ್ಯರಿಗೇ ಕಡಿತವಾದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗುವುದು ಬಿಟ್ಟು ಬೇರೆ ಯೋಚನೆಯೇ ಕೂಡದು.

ನಾಯಿಯನ್ನು ನಡೆಸಬಾರದು, ಕಂಬಳಿಯಲ್ಲೋ ಗೋಣಿಚೀಲದ ಮೇಲೋ ಮಲಗಿಸಿ ಇಬ್ಬರು ಹೊರಬೇಕು. ಮುಖ, ಕತ್ತು ಊದುವುದರಿಂದ ಕೊರಳಿನ ಬೆಲ್ಟನ್ನು ಕೂಡಲೇ ಬಿಚ್ಚಬೇಕು. ಇಲ್ಲವಾದರೆ ಅದೇ ಉರುಳಾಗುತ್ತದೆ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚಬಹುದೆಂಬ ಎಚ್ಚರವಿರಲಿ. ಕಡಿತದ ಸಮಯವನ್ನು ಗುರುತಿಟ್ಟುಕೊಳ್ಳಬೇಕು. ಗಾಯ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ಅರಿಶಿನ ಮೆತ್ತುವುದು, ತುಪ್ಪ ಕುಡಿಸುವುದು ಯಾವುದೂ ಸಲ್ಲದು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಬಾರದು; ಪ್ಯಾರಾಸಿಟಮಾಲ್, ಆಸ್ಪಿರಿನ್‌ಗಳು ನಾಯಿಗೆ ಕೇಡು ಮಾಡುತ್ತವೆ.

ಮಂಡಲದ ಹಾವುಗಳ ವಿಷದಿಂದ ಬಾವು, ತೀವ್ರ ನೋವು, ಹೆಪ್ಪುಗಟ್ಟದ ರಕ್ತಸ್ರಾವ, ಮುಂದೆ ಮೂತ್ರಪಿಂಡಕ್ಕೆ ಹಾನಿ ಉಂಟಾಗುತ್ತವೆ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಗೆ ತಗುಲಿ ರೆಪ್ಪೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ನಡೆ ತಡವರಿಸುತ್ತದೆ, ಉಸಿರಾಟ ನಿಲ್ಲುತ್ತದೆ. ಭಾರತದಲ್ಲಿ ತಯಾರಾಗುವ ಪ್ರತಿವಿಷ ಈ ನಾಲ್ಕೂ ಹಾವುಗಳ ವಿಷಕ್ಕೆ ಮದ್ದು. ಪಶುವೈದ್ಯರು ನಾಯಿಗೂ ಅದನ್ನೇ ಬಳಸುತ್ತಾರೆ. ಮಲೆನಾಡಿನ ಕಾಳಿಂಗ ಸರ್ಪಕ್ಕೂ ಗುಳಿಮಂಡಲಗಳಿಗೂ ಅದನ್ನು ನೆಚ್ಚಲಾಗದು. ಆ ಕಾಡುಗಳಿಗೆ ನಾಯಿಯೊಡನೆ ಹೋಗುವವರು ಇದನ್ನು ಅರಿತಿರಬೇಕು. ಪ್ರತಿವಿಷದ ಪ್ರಮಾಣವನ್ನು ನಿರ್ಧರಿಸುವುದು ನಾಯಿಯ ತೂಕವಲ್ಲ, ಮೈಸೇರಿದ ವಿಷ. ಚಿಕ್ಕ ನಾಯಿಗೆ ಚಿಕ್ಕ ಪ್ರಮಾಣ ಸಾಕೆಂಬ ಲೆಕ್ಕ ಇಲ್ಲಿ ನಡೆಯದು. ಎಲ್ಲ ಪಶು ಆಸ್ಪತ್ರೆಗಳಲ್ಲೂ ಪ್ರತಿವಿಷ ಸದಾ ಇರುತ್ತದೆಂದು ನಂಬಿ ಹೊರಡಬಾರದು. ಬೆಟ್ಟ ಹತ್ತುವ ಮೊದಲೇ ಎಲ್ಲಿ ದೊರೆಯುತ್ತದೆಂದು ಕೇಳಿ ತಿಳಿದುಕೊಂಡಿರಬೇಕು. ಪಶು ಚಿಕಿತ್ಸಾ ವಾಹನದ 1962 ಎಂಬ ಸಂಖ್ಯೆಯೂ ಜೇಬಿನಲ್ಲಿರಲಿ.

ನಾಯಿಯ ಪಾಠ, ಊರಿನ ಪಾಠ

ನಾಯಿಯ ಮಾತು ಇಷ್ಟೇಕೆ ಎಂದು ಕೆಲವರಿಗೆ ಅನಿಸಬಹುದು. 2020ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಜನ. ವರ್ಷಕ್ಕೆ ಸರಾಸರಿ 58,000. ಅವುಗಳಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತಿಂಗಳುಗಳಲ್ಲಿ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ನಾಯಿ ಹಾವನ್ನು ಕೆರಳಿಸುವ ಜಾಗದಲ್ಲಿ ಮನೆಯ ಮಕ್ಕಳೂ ಇರುತ್ತಾರೆ. ನಾಯಿ ಹಿಂದಿರುಗಿದರೆ ಮಕ್ಕಳೂ ಉಳಿಯುತ್ತಾರೆ.

ಇನ್ನು ಅಂಗಳದ ಕೆಲಸ. ಗುಬ್ಬಿ ಸೀಮೆಯ ತೋಟಗಳಲ್ಲಿ ತೆಂಗಿನ ಗರಿ, ಸಿಪ್ಪೆಗಳ ರಾಶಿ, ಮನೆಯ ಪಕ್ಕದ ರಾಗಿ ಹುಲ್ಲಿನ ಬಣವೆ, ಸೌದೆಯ ಒಟ್ಟಿಲು ಇಲಿಗಳ ಅರಮನೆ. ಇಲಿ ಬಂದಲ್ಲಿಗೆ ಹಾವು ಕರೆಯದೆಯೇ ಬರುತ್ತದೆ. ನಾಯಿಗೆ ಹಾಕಿ ಮಿಕ್ಕ ಅನ್ನವನ್ನು ರಾತ್ರಿ ಹೊರಗೇ ಬಿಟ್ಟರೆ ಅದೂ ಇಲಿಗೆ ಔತಣ. ರಾಶಿಗಳನ್ನು ಮನೆಯಿಂದ ದೂರವಿಟ್ಟು, ನಾಯಿಯ ತಟ್ಟೆಯನ್ನು ಸಂಜೆಯೇ ತೊಳೆದಿಟ್ಟರೆ ಅರ್ಧ ಅಪಾಯ ಅಲ್ಲಿಗೇ ನಿಲ್ಲುತ್ತದೆ. ಹಾಗೆಂದು ಹೊಲದಲ್ಲಿ ಹಾವು ಇರಬಾರದೆಂದಲ್ಲ. ರಾಗಿಯ ತೆನೆಯನ್ನೂ ಎಳನೀರನ್ನೂ ಕಡಿಯುವ, ಇಲಿಜ್ವರ ಹರಡುವ ಇಲಿಯನ್ನು ಬಿಲದೊಳಕ್ಕೇ ಹೋಗಿ ಹಿಡಿಯುವ ಜೀವಿ ಹಾವಲ್ಲದೆ ಇನ್ನಾವುದು? ಅದಕ್ಕೆ ಕೂಲಿ ಕೊಡಬೇಕಾಗಿಲ್ಲ. ದಾರಿ ಬಿಟ್ಟರೆ ಸಾಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ತರಬೇತಿಯಲ್ಲಿ ಮೊದಲು ಕಲಿಯಬೇಕಾದುದು ನಾಯಿಯಲ್ಲ, ನಾಲಿಗೆ. ಮನೆಯಲ್ಲಿ ಐವರು ‘ಬಾ’ ಎಂದು ಕಲಿಸುತ್ತಿರುವಾಗ ಒಬ್ಬ ಹುಡುಗ ಬೀದಿಯಲ್ಲಿ ‘ಛೂ’ ಎಂದರೆ ಎಲ್ಲ ಪಾಠವೂ ನೀರುಪಾಲು. ಹಾವು ಕಂಡಾಗ ಕಲ್ಲೆತ್ತದೆ, ಕೂಗದೆ, ನಾಯಿಯನ್ನು ಹೆಸರು ಹಿಡಿದು ಕರೆದು ಹಿಂದೆ ಸರಿಯುವ ಅಭ್ಯಾಸ ಒಂದು ಊರಿನ ಮಕ್ಕಳಿಗೆ ಬಂದರೆ, ಆ ಊರಿನ ನಾಯಿಗಳಿಗೂ ಬರುತ್ತದೆ.

ಆತಕೂರಿನ ಕಾಳಿಗೆ ಕಲ್ಲು ನಿಲ್ಲಿಸಿದವರ ಪ್ರೀತಿ ದೊಡ್ಡದು. ಆದರೆ ಕಾವಲಿನ ನಾಯಿಗೆ ಕಲ್ಲು ಬೇಡ. ಅದು ಸಂಜೆ ಕುರಿಗಳ ಹಿಂದೆ, ಬಾಲವಾಡಿಸುತ್ತ, ಜೀವಂತವಾಗಿ ಮನೆಗೆ ಬಂದರೆ ಸಾಕು. ಹಾವೂ ತನ್ನ ಬಿಲಕ್ಕೆ ಸೇರಲಿ.